ವಿಜಯಪುರ ಜಿಲ್ಲೆಯಲ್ಲಿ ದಂತ ಆರೋಗ್ಯ ಜಾಗೃತಿ

ವಿಜಯಪುರ ಜಿಲ್ಲೆಯಲ್ಲಿ ದಂತ ಆರೋಗ್ಯ ಜಾಗೃತಿ ಎಂಬುದು ಕರ್ನಾಟಕದ ವಿಜಯಪುರ ಜಿಲ್ಲೆಯಲ್ಲಿ, ಅದರಲ್ಲೂ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳಲ್ಲಿ, ಜನರು ನೋವು ಕಾಣಿಸಿಕೊಳ್ಳುವ ಮುನ್ನವೇ ದಂತವೈದ್ಯರಲ್ಲಿ ತಪಾಸಣೆ ಮಾಡಿಸಿಕೊಳ್ಳುವಂತೆ ಪ್ರೇರೇಪಿಸುವ ಸಾರ್ವಜನಿಕ ಆರೋಗ್ಯ ಕಾರ್ಯಗಳನ್ನು ಕುರಿತದ್ದು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಯೋಜನೆಗಳು, ಶಾಲಾ ತಪಾಸಣೆ, ತಂಬಾಕು ನಿಯಂತ್ರಣ, ದಂತ ವೈದ್ಯಕೀಯ ಕಾಲೇಜುಗಳ ಶಿಬಿರಗಳು ಇದರಲ್ಲಿ ಸೇರುತ್ತವೆ. ಜಿಲ್ಲೆಯ ಕೆಲವು ಭಾಗಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿರುವುದರಿಂದ ಇಲ್ಲಿ ಹಲ್ಲಿನ ಆರೋಗ್ಯವು ಕುಡಿಯುವ ನೀರಿನ ಪ್ರಶ್ನೆಯೊಂದಿಗೂ ಬೆಸೆದುಕೊಂಡಿದೆ.

ಪ್ರದೇಶ

ಬಿಜಾಪುರ ಜಿಲ್ಲೆಯಿಂದ 1997ರಲ್ಲಿ ಬಾಗಲಕೋಟೆ ಜಿಲ್ಲೆಯು ಪ್ರತ್ಯೇಕವಾಯಿತು. ಉಳಿದ ಜಿಲ್ಲೆಯಲ್ಲಿ ಬಿಜಾಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಎಂಬ ಐದು ತಾಲ್ಲೂಕುಗಳಿದ್ದವು. 2014ರ ನವೆಂಬರ್ 1ರಂದು ಜಿಲ್ಲೆಯ ಹೆಸರು ವಿಜಯಪುರ ಎಂದು ಬದಲಾಯಿತು. ಆನಂತರದ ತಾಲ್ಲೂಕು ಪುನರ್ವಿಂಗಡಣೆಯಲ್ಲಿ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ, ಬಬಲೇಶ್ವರ ಮತ್ತು ತಿಕೋಟಾ ಹೊಸ ತಾಲ್ಲೂಕುಗಳಾದವು. ಈ ಲೇಖನದಲ್ಲಿ ನಾಲ್ಕು ತಾಲ್ಲೂಕುಗಳ ಹೆಸರುಗಳನ್ನು ಅವುಗಳ ಹಳೆಯ ವ್ಯಾಪ್ತಿಯ ಅರ್ಥದಲ್ಲಿ ಬಳಸಲಾಗಿದೆ.

2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 21,77,331. ಇವರಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಜನರು ಗ್ರಾಮವಾಸಿಗಳು. ನಾಲ್ಕೂ ತಾಲ್ಲೂಕು ಕೇಂದ್ರಗಳು ಜಿಲ್ಲಾ ಕೇಂದ್ರದಿಂದ ಸುಮಾರು 40ರಿಂದ 80 ಕಿ.ಮೀ. ದೂರದಲ್ಲಿವೆ. ಹೆಚ್ಚಿನ ದಂತ ಚಿಕಿತ್ಸಾ ಸೌಲಭ್ಯಗಳು ವಿಜಯಪುರ ನಗರದಲ್ಲಿ ಕೇಂದ್ರೀಕೃತವಾಗಿರುವುದರಿಂದ ಈ ಅಂತರವು ಜಾಗೃತಿ ಕಾರ್ಯಕ್ರಮಗಳ ಫಲವನ್ನು ನಿರ್ಧರಿಸುವ ಮುಖ್ಯ ಅಂಶವಾಗಿದೆ.

ನಿಯಮಿತ ತಪಾಸಣೆಯ ಉದ್ದೇಶ

ಹಲ್ಲಿನ ರೋಗಗಳು ಬಹುಮಟ್ಟಿಗೆ ಆರಂಭದಲ್ಲಿ ನೋವು ಕೊಡುವುದಿಲ್ಲ. ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳು ಆಹಾರದ ಸಕ್ಕರೆಯನ್ನು ಆಮ್ಲವಾಗಿ ಪರಿವರ್ತಿಸುತ್ತವೆ. ಆಮ್ಲೀಯತೆಯ ಸೂಚಕವಾದ ಪಿಎಚ್ ಮೌಲ್ಯವು ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಹೊರಪದರವಾದ ಎನಾಮೆಲ್‌ನ ಖನಿಜಗಳು ಕರಗತೊಡಗುತ್ತವೆ. ಮೊದಲು ಬಿಳಿ ಮಚ್ಚೆಯಾಗಿ ಕಾಣುವ ಈ ಸವೆತವು ಮುಂದೆ ಹುಳುಕಾಗುತ್ತದೆ. ಎನಾಮೆಲ್‌ನಲ್ಲಿ ನರಗಳಿಲ್ಲದ ಕಾರಣ ಈ ಹಂತದಲ್ಲಿ ರೋಗಿಗೆ ಏನೂ ತಿಳಿಯುವುದಿಲ್ಲ. ಹುಳುಕು ಒಳಗಿನ ಡೆಂಟಿನ್ ಪದರವನ್ನು ಮುಟ್ಟಿದಾಗ ತಣ್ಣನೆಯ ಮತ್ತು ಸಿಹಿ ಪದಾರ್ಥಗಳು ಜುಮ್ಮೆನಿಸುತ್ತವೆ. ನರ ಮತ್ತು ರಕ್ತನಾಳಗಳಿರುವ ತಿರುಳನ್ನು ತಲುಪಿದ ಮೇಲೆ ತೀವ್ರ ನೋವು ಆರಂಭವಾಗುತ್ತದೆ.

ಬಿಳಿ ಮಚ್ಚೆಯ ಹಂತದಲ್ಲಿ ಫ್ಲೋರೈಡ್ ಲೇಪನ ಮತ್ತು ಆಹಾರ ಕ್ರಮದಿಂದ ಸವೆತವನ್ನು ನಿಲ್ಲಿಸಬಹುದು. ಡೆಂಟಿನ್ ಹಂತದಲ್ಲಿ ಹುಳುಕನ್ನು ತೆಗೆದು ತುಂಬಿಸಿದರೆ ಸಾಕಾಗುತ್ತದೆ. ತಿರುಳು ಕೊಳೆತ ಮೇಲೆ ಬೇರುನಾಳ ಚಿಕಿತ್ಸೆ ಅಥವಾ ಹಲ್ಲು ಕೀಳುವುದು ಮಾತ್ರ ಉಳಿಯುತ್ತದೆ. ಬೇರುನಾಳ ಚಿಕಿತ್ಸೆಗೆ ಹಲವು ಭೇಟಿಗಳೂ ಹೆಚ್ಚು ಹಣವೂ ಬೇಕಾಗುವುದರಿಂದ, ನೋವು ಬಂದ ಮೇಲೆ ಬರುವ ಗ್ರಾಮೀಣ ರೋಗಿಗಳಲ್ಲಿ ಅನೇಕರು ಹಲ್ಲು ಕೀಳಿಸಿಕೊಳ್ಳುವುದನ್ನೇ ಆರಿಸಿಕೊಳ್ಳುತ್ತಾರೆ.

ಒಸಡಿನ ರೋಗವೂ ಹೀಗೆಯೇ ಸದ್ದಿಲ್ಲದೆ ಬೆಳೆಯುತ್ತದೆ. ಹಲ್ಲಿನ ಬುಡದಲ್ಲಿ ಕೂಡುವ ಪಾಚಿಯಂತಹ ಪದರವು ಗಟ್ಟಿಯಾಗಿ ಕಿಟ್ಟವಾಗುತ್ತದೆ. ಒಸಡು ಊದಿಕೊಂಡು ರಕ್ತ ಒಸರುತ್ತದೆ. ಕ್ರಮೇಣ ಹಲ್ಲನ್ನು ಹಿಡಿದಿರುವ ಮೂಳೆ ಕರಗಿ ಹಲ್ಲು ಅಲುಗಾಡುತ್ತದೆ. ಮಧುಮೇಹ ಹತೋಟಿಯಲ್ಲಿಲ್ಲದವರಲ್ಲಿ ಈ ರೋಗ ಬೇಗ ಉಲ್ಬಣಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರು ಬಾಯಿಗೆ ಸಂಬಂಧಿಸಿದ ಒಂದಲ್ಲ ಒಂದು ರೋಗಕ್ಕೆ ಒಳಗಾಗಿದ್ದಾರೆ. ಇವುಗಳಲ್ಲಿ ಬಹುಪಾಲು ತಡೆಗಟ್ಟಬಹುದಾದವು.

ಫ್ಲೋರೈಡ್ ಮತ್ತು ದಂತ ಫ್ಲೋರೋಸಿಸ್

ಭಾರತದಲ್ಲಿ ಫ್ಲೋರೋಸಿಸ್ ರೋಗವು 1937ರಲ್ಲಿ ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಮೊದಲು ವರದಿಯಾಯಿತು. ಕರ್ನಾಟಕದಲ್ಲಿ ಅಂತರ್ಜಲದ ಫ್ಲೋರೈಡ್ ಸಮಸ್ಯೆಯಿರುವ ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದಂತೆ (ಐಎಸ್ 10500) ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ ಪ್ರಮಾಣ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವಿಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ಅನುಮತಿಯಿದೆ.

ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಹುಟ್ಟಿನಿಂದ ಸುಮಾರು 8 ವರ್ಷದವರೆಗೆ, ಮಗುವು ಹೆಚ್ಚು ಫ್ಲೋರೈಡ್ ಇರುವ ನೀರನ್ನು ಕುಡಿದರೆ ಎನಾಮೆಲ್ ಸರಿಯಾಗಿ ಗಟ್ಟಿಗೊಳ್ಳುವುದಿಲ್ಲ. ಸೌಮ್ಯ ಹಂತದಲ್ಲಿ ಹಲ್ಲಿನ ಮೇಲೆ ಸುಣ್ಣದಂತಹ ಬಿಳಿ ಗೆರೆಗಳು ಕಾಣುತ್ತವೆ. ತೀವ್ರ ಹಂತದಲ್ಲಿ ಹಳದಿ ಅಥವಾ ಕಂದು ಕಲೆಗಳೂ ಗುಳಿಗಳೂ ಉಂಟಾಗುತ್ತವೆ. ಇದರ ತೀವ್ರತೆಯನ್ನು ಅಳೆಯಲು ಅಮೆರಿಕದ ದಂತವೈದ್ಯ ಎಚ್. ಟ್ರೆಂಡ್ಲಿ ಡೀನ್ ರೂಪಿಸಿದ ಡೀನ್ ಸೂಚ್ಯಂಕವು ಇಂದಿಗೂ ಬಳಕೆಯಲ್ಲಿದೆ.

ಜಾಗೃತಿ ಕಾರ್ಯದ ದೃಷ್ಟಿಯಿಂದ ಈ ರೋಗದ ಎರಡು ಗುಣಗಳು ಮುಖ್ಯವಾಗಿವೆ. ಮೊದಲನೆಯದಾಗಿ, ಈ ಕಲೆಗಳು ಎನಾಮೆಲ್‌ನ ಒಳಗೇ ಇರುವುದರಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಕಲೆಯುಳ್ಳ ಹಲ್ಲಿನ ಮಕ್ಕಳನ್ನು ಹಲ್ಲುಜ್ಜದವರು ಎಂದು ಹೀಯಾಳಿಸುವುದು ಅಜ್ಞಾನದಿಂದ ಆಗುವ ಅನ್ಯಾಯ. ಇದ್ದಿಲು, ಇಟ್ಟಿಗೆ ಪುಡಿ ಮುಂತಾದವುಗಳಿಂದ ತಿಕ್ಕಿದರೆ ಇರುವ ಎನಾಮೆಲ್ ಕೂಡ ಸವೆಯುತ್ತದೆ. ಎರಡನೆಯದಾಗಿ, ಮೂಡಿದ ಹಲ್ಲಿನ ಫ್ಲೋರೋಸಿಸ್‌ಗೆ ದಂತವೈದ್ಯರು ಹೊರಲೇಪನದ ಮೂಲಕ ಅಂದವನ್ನು ಸುಧಾರಿಸಬಲ್ಲರಾದರೂ ರೋಗವನ್ನು ತಡೆಯುವುದು ಸುರಕ್ಷಿತ ನೀರಿನಿಂದ ಮಾತ್ರ ಸಾಧ್ಯ.

ಅತಿಯಾದ ಫ್ಲೋರೈಡ್ ಹಾನಿಕರವಾದರೂ ಮಿತ ಪ್ರಮಾಣದ ಫ್ಲೋರೈಡ್ ಹುಳುಕನ್ನು ತಡೆಯುತ್ತದೆ. ಆದುದರಿಂದ ಇಂತಹ ಪ್ರದೇಶಗಳಲ್ಲಿ ಮಕ್ಕಳಿಗೆ ಎಷ್ಟು ಟೂತ್‌ಪೇಸ್ಟ್ ಬಳಸಬೇಕೆಂಬ ಸಲಹೆ ಮುಖ್ಯವಾಗುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕೆಂದೂ, ಅದನ್ನು ನುಂಗದೆ ಉಗುಳಲು ಕಲಿಸಬೇಕೆಂದೂ ಸಾಮಾನ್ಯವಾಗಿ ಹೇಳಲಾಗುತ್ತದೆ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಚಿಕ್ಕ ಮಕ್ಕಳಿಗೆ ಯಾವ ಪೇಸ್ಟ್ ಸೂಕ್ತವೆಂಬುದನ್ನು ದಂತವೈದ್ಯರಿಂದ ತಿಳಿಯುವುದು ಒಳ್ಳೆಯದು.

ಕೇಂದ್ರ ಸರ್ಕಾರವು 2008-09ರಲ್ಲಿ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ನೀರಿನಿಂದ ಫ್ಲೋರೈಡ್ ತೆಗೆಯಲು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು ಸ್ಫಟಿಕ ಮತ್ತು ಸುಣ್ಣವನ್ನು ಬಳಸುವ ನಳಗೊಂಡ ವಿಧಾನವನ್ನು ರೂಪಿಸಿದೆ. ಗ್ರಾಮಗಳ ಶುದ್ಧ ನೀರಿನ ಘಟಕಗಳು ಮತ್ತು ನದಿ ನೀರನ್ನು ಶುದ್ಧೀಕರಿಸಿ ಹಲವು ಊರುಗಳಿಗೆ ಪೂರೈಸುವ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳು ಇತರ ಪರಿಹಾರಗಳು. ಜಿಲ್ಲೆಯ ದಕ್ಷಿಣಕ್ಕೆ ಕೃಷ್ಣಾ ನದಿಯೂ ಆಲಮಟ್ಟಿ ಜಲಾಶಯವೂ, ಉತ್ತರಕ್ಕೆ ಇಂಡಿ ಮತ್ತು ಸಿಂದಗಿ ಭಾಗಗಳ ಅಂಚಿನಲ್ಲಿ ಭೀಮಾ ನದಿಯೂ ಇರುವುದರಿಂದ, ಕೊಳವೆಬಾವಿಯ ಅವಲಂಬನೆಯನ್ನು ಕಡಿಮೆ ಮಾಡಲು ಇಲ್ಲಿ ನದಿ ನೀರಿನ ಆಸರೆಯಿದೆ.

ತಂಬಾಕು ಮತ್ತು ಬಾಯಿ ಕ್ಯಾನ್ಸರ್

ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ 2016-17ರ ಸುತ್ತಿನ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನರು ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಸೇದುವವರಿಗಿಂತ ಜಗಿಯುವವರ ಪ್ರಮಾಣವೇ ಹೆಚ್ಚು. ಎಲೆ, ಅಡಿಕೆ ಮತ್ತು ಸುಣ್ಣದೊಂದಿಗೆ ತಂಬಾಕು ಹಾಕಿಕೊಳ್ಳುವುದು, ಗುಟ್ಕಾ ತಿನ್ನುವುದು ಉತ್ತರ ಕರ್ನಾಟಕದಲ್ಲಿ ವ್ಯಾಪಕವಾಗಿದೆ. ಮಹಾರಾಷ್ಟ್ರ ಮತ್ತು ಅದರ ಗಡಿಭಾಗಗಳಲ್ಲಿ ಹುರಿದು ಪುಡಿ ಮಾಡಿದ ತಂಬಾಕಿನಿಂದ ತಯಾರಿಸುವ ಮಿಶ್ರಿಯನ್ನು ಹಲ್ಲು ತಿಕ್ಕಲು ಬಳಸುವವರೂ ಇದ್ದಾರೆ. ಇವರಿಗೆ ಹಲ್ಲುಜ್ಜುವುದೇ ತಂಬಾಕಿನ ಚಟವಾಗಿ ಪರಿಣಮಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ತಂಬಾಕಿಲ್ಲದ ಅಡಿಕೆಯನ್ನು ಸಹ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ.

ಕರ್ನಾಟಕ ಸರ್ಕಾರವು 2013ರ ಮೇ ತಿಂಗಳಲ್ಲಿ ಗುಟ್ಕಾವನ್ನು ನಿಷೇಧಿಸಿತು. ಆದರೆ ಪಾನ್ ಮಸಾಲೆ ಮತ್ತು ತಂಬಾಕನ್ನು ಬೇರೆ ಬೇರೆ ಪೊಟ್ಟಣಗಳಲ್ಲಿ ಕೊಂಡು ಬೆರೆಸಿಕೊಳ್ಳುವ ಪರಿಪಾಠ ಬೆಳೆಯಿತು.

ಬಾಯಿಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಬಾಯಿ ಪೂರ್ತಿ ತೆರೆಯಲಾಗದಿರುವುದು ಮತ್ತು ಖಾರ ತಾಳಲಾಗದ ಉರಿ ಇವು ತಕ್ಷಣ ತಪಾಸಣೆ ಮಾಡಿಸಬೇಕಾದ ಲಕ್ಷಣಗಳು. 30 ವರ್ಷ ಮೀರಿದವರಿಗೆ ಅಧಿಕ ರಕ್ತದೊತ್ತಡ ಮತ್ತು ಮಧುಮೇಹದ ಜೊತೆಗೆ ಬಾಯಿ ಕ್ಯಾನ್ಸರ್ ತಪಾಸಣೆ ನಡೆಸುವುದು ರಾಷ್ಟ್ರೀಯ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದ ಭಾಗವಾಗಿದೆ. ಆದಾಗ್ಯೂ 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 30ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 0.9 ಮತ್ತು ಪುರುಷರಲ್ಲಿ ಶೇ. 1.2 ಮಂದಿ ಮಾತ್ರ ಎಂದಾದರೂ ಈ ತಪಾಸಣೆಗೆ ಒಳಗಾಗಿದ್ದುದು ಕಂಡುಬಂದಿತು.

ಕಾರ್ಯಕ್ರಮಗಳು

ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ: ಕೇಂದ್ರ ಆರೋಗ್ಯ ಸಚಿವಾಲಯವು 2014-15ರಲ್ಲಿ ಆರಂಭಿಸಿದ ಈ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆ ಮತ್ತು ಅದಕ್ಕಿಂತ ಕೆಳಹಂತದ ಆಸ್ಪತ್ರೆಗಳ ದಂತ ವಿಭಾಗಗಳಿಗೆ ಸಿಬ್ಬಂದಿ, ಉಪಕರಣ ಮತ್ತು ಸಾಮಗ್ರಿಗಳ ನೆರವು ನೀಡುತ್ತದೆ. ಬಾಯಿಯ ಆರೋಗ್ಯವನ್ನು ಸಾಮಾನ್ಯ ಆರೋಗ್ಯ ಸೇವೆಯೊಂದಿಗೆ ಜೋಡಿಸುವುದು ಇದರ ಗುರಿಗಳಲ್ಲೊಂದು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ: 2013ರಲ್ಲಿ ಆರಂಭವಾದ ಈ ಕಾರ್ಯಕ್ರಮದಡಿ ಸಂಚಾರಿ ಆರೋಗ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಭೇಟಿ ನೀಡಿ ಮಕ್ಕಳನ್ನು ಪರೀಕ್ಷಿಸಬೇಕು. ಹುಳುಕು ಹಲ್ಲು ಮತ್ತು ಸೀಳು ತುಟಿ ಇವುಗಳ ಪಟ್ಟಿಯಲ್ಲಿವೆ. ತೊಂದರೆ ಕಂಡುಬಂದ ಮಕ್ಕಳನ್ನು ಮೇಲಿನ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಶಾಲಾ ತಪಾಸಣೆಯಲ್ಲಿ ಮೊದಲ ಶಾಶ್ವತ ದವಡೆ ಹಲ್ಲಿಗೆ ವಿಶೇಷ ಗಮನ ಬೇಕಾಗುತ್ತದೆ. ಸುಮಾರು ಆರನೇ ವಯಸ್ಸಿನಲ್ಲಿ ಹಾಲು ಹಲ್ಲುಗಳ ಹಿಂದೆ ಮೂಡುವ ಇದನ್ನು ಪೋಷಕರು ಹಾಲು ಹಲ್ಲೆಂದೇ ಭಾವಿಸಿ ಕಡೆಗಣಿಸುವುದುಂಟು.

ದಂತ ಭಾಗ್ಯ: ಕರ್ನಾಟಕ ಸರ್ಕಾರವು 2014-15ರಲ್ಲಿ ಪ್ರಕಟಿಸಿದ ಈ ಯೋಜನೆಯು ಬಡತನ ರೇಖೆಗಿಂತ ಕೆಳಗಿರುವ, ಹಲ್ಲುಗಳನ್ನು ಕಳೆದುಕೊಂಡ ಹಿರಿಯರಿಗೆ ದಂತ ವೈದ್ಯಕೀಯ ಕಾಲೇಜುಗಳ ಮೂಲಕ ಉಚಿತವಾಗಿ ಕೃತಕ ದಂತಪಂಕ್ತಿ ಒದಗಿಸುವ ಉದ್ದೇಶದ್ದು. ಜೋಳದ ಖಡಕ್ ರೊಟ್ಟಿಯೇ ಮುಖ್ಯ ಆಹಾರವಾದ ಪ್ರದೇಶದಲ್ಲಿ ಹಲ್ಲಿಲ್ಲದವರ ಊಟ ಮೆತ್ತನೆಯ ಪದಾರ್ಥಗಳಿಗೆ ಸೀಮಿತವಾಗುವುದರಿಂದ ಯೋಜನೆಗೆ ಪೌಷ್ಟಿಕತೆಯ ಮಹತ್ವವೂ ಇದೆ. ಕೃತಕ ದಂತಪಂಕ್ತಿಗೆ ಅಳತೆ ತೆಗೆಯುವುದರಿಂದ ಹಿಡಿದು ಜೋಡಿಸಿ ಸರಿಪಡಿಸುವವರೆಗೆ ಹಲವು ಭೇಟಿಗಳು ಬೇಕಾಗುತ್ತವೆ.

ದಂತ ವೈದ್ಯಕೀಯ ಕಾಲೇಜುಗಳು: ವಿಜಯಪುರ ನಗರದಲ್ಲಿ ಅಲ್-ಅಮೀನ್ ದಂತ ವೈದ್ಯಕೀಯ ಕಾಲೇಜು ಇದೆ. ದಂತ ವೈದ್ಯಕೀಯ ಶಿಕ್ಷಣದಲ್ಲಿ ಸಮುದಾಯ ದಂತ ವಿಜ್ಞಾನವು ಒಂದು ವಿಷಯವಾಗಿದ್ದು, ಗ್ರಾಮ ಮತ್ತು ಶಾಲೆಗಳಲ್ಲಿ ಶಿಬಿರ ನಡೆಸುವುದು ವಿದ್ಯಾರ್ಥಿಗಳ ತರಬೇತಿಯ ಭಾಗವಾಗಿರುತ್ತದೆ. ಸಂಚಾರಿ ದಂತ ಚಿಕಿತ್ಸಾ ವಾಹನಗಳಲ್ಲಿ ಹಲ್ಲು ಶುಚಿಗೊಳಿಸುವಿಕೆ, ಹುಳುಕು ತುಂಬುವಿಕೆ ಮತ್ತು ಹಲ್ಲು ಕೀಳುವಿಕೆಯಂತಹ ಚಿಕಿತ್ಸೆಗಳನ್ನು ಸ್ಥಳದಲ್ಲೇ ನೀಡಬಹುದು.

ವಿಶ್ವ ಬಾಯಿ ಆರೋಗ್ಯ ದಿನ: ವಿಶ್ವ ದಂತ ಒಕ್ಕೂಟದ ಕರೆಯಂತೆ 2013ರಿಂದ ಪ್ರತಿ ವರ್ಷ ಮಾರ್ಚ್ 20ರಂದು ಈ ದಿನವನ್ನು ಆಚರಿಸಲಾಗುತ್ತಿದೆ. ಮಕ್ಕಳಲ್ಲಿ 20 ಹಾಲು ಹಲ್ಲು, ವಯಸ್ಕರಲ್ಲಿ 32 ಹಲ್ಲು ಇರುವುದನ್ನು ಈ ದಿನಾಂಕದೊಂದಿಗೆ ಹೊಂದಿಸಿ ಹೇಳುವುದು ರೂಢಿ. ನೆರೆಯ ಮಹಾರಾಷ್ಟ್ರ ಸರ್ಕಾರವು 2023ರಲ್ಲಿ ಸ್ವಚ್ಛ ಮುಖ ಅಭಿಯಾನಕ್ಕೆ ಕ್ರಿಕೆಟಿಗ ಸಚಿನ್ ತೆಂಡೂಲ್ಕರ್ ಅವರನ್ನು ರಾಯಭಾರಿಯನ್ನಾಗಿ ನೇಮಿಸಿತು.

ಪ್ರಚಲಿತ ತಪ್ಪು ಕಲ್ಪನೆಗಳು

ಜಾಗೃತಿ ಕಾರ್ಯಕ್ರಮಗಳು ಮಾಹಿತಿ ನೀಡುವುದರ ಜೊತೆಗೆ ಜನರಲ್ಲಿ ಬೇರೂರಿರುವ ಕೆಲವು ಭಯಗಳನ್ನೂ ನಿವಾರಿಸಬೇಕಾಗುತ್ತದೆ. ಮುಖ್ಯವಾದವು ಇವು:

ಹಲ್ಲು ಶುಚಿಗೊಳಿಸಿದರೆ ಹಲ್ಲುಗಳು ಸಡಿಲವಾಗುತ್ತವೆ: ಕಿಟ್ಟವನ್ನು ತೆಗೆದಾಗ ಅದು ತುಂಬಿಕೊಂಡಿದ್ದ ಸಂದು ಕಾಣಿಸುವುದರಿಂದ ಹೀಗೆ ಅನಿಸುತ್ತದೆ. ಹಲ್ಲು ಸಡಿಲವಾಗುವುದು ಕಿಟ್ಟವನ್ನು ಬಿಟ್ಟಾಗ ಮೂಳೆ ಕರಗುವುದರಿಂದ.

ಮೇಲಿನ ದವಡೆಯ ಹಲ್ಲು ಕಿತ್ತರೆ ಕಣ್ಣಿಗೆ ತೊಂದರೆಯಾಗುತ್ತದೆ: ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲ.

ಹಾಲು ಹಲ್ಲು ಬಿದ್ದುಹೋಗುವುದರಿಂದ ಚಿಕಿತ್ಸೆ ಅನಗತ್ಯ: ಹಾಲು ಹಲ್ಲು ಅಕಾಲದಲ್ಲಿ ಹೋದರೆ ಅದರ ಜಾಗಕ್ಕೆ ಪಕ್ಕದ ಹಲ್ಲುಗಳು ವಾಲಿ ಶಾಶ್ವತ ಹಲ್ಲು ವಕ್ರವಾಗಿ ಬರಬಹುದು.

ಗರ್ಭಿಣಿಯರು ದಂತ ಚಿಕಿತ್ಸೆ ಪಡೆಯಬಾರದು: ಗರ್ಭಾವಸ್ಥೆಯಲ್ಲಿ ಒಸಡಿನ ಊತ ಸಾಮಾನ್ಯ. ತಪಾಸಣೆ ಮತ್ತು ಶುಚಿಗೊಳಿಸುವಿಕೆ ಸುರಕ್ಷಿತ. ಇತರ ಚಿಕಿತ್ಸೆಗಳಿಗೆ ನಾಲ್ಕರಿಂದ ಆರನೇ ತಿಂಗಳ ಅವಧಿ ಹೆಚ್ಚು ಅನುಕೂಲಕರ.

ಎಷ್ಟು ಕಾಲಕ್ಕೊಮ್ಮೆ ಭೇಟಿ

ಆರು ತಿಂಗಳಿಗೊಮ್ಮೆ ದಂತವೈದ್ಯರನ್ನು ಕಾಣಬೇಕೆಂಬ ಮಾತು ಇಪ್ಪತ್ತನೆಯ ಶತಮಾನದಲ್ಲಿ, ಟೂತ್‌ಪೇಸ್ಟ್ ಜಾಹೀರಾತುಗಳ ಮೂಲಕವೂ, ಜನಜನಿತವಾಯಿತು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯು 2004ರಲ್ಲಿ ಈ ಅವಧಿಯನ್ನು ವ್ಯಕ್ತಿಯ ರೋಗದ ಸಂಭವಕ್ಕೆ ತಕ್ಕಂತೆ ನಿರ್ಧರಿಸಬೇಕೆಂದು ಸೂಚಿಸಿತು. ಅದರಂತೆ ವಯಸ್ಕರಿಗೆ 3ರಿಂದ 24 ತಿಂಗಳು, 18 ವರ್ಷದೊಳಗಿನವರಿಗೆ 3ರಿಂದ 12 ತಿಂಗಳು ಅಂತರವಿರಬಹುದು. 2020ರಲ್ಲಿ ಪ್ರಕಟವಾದ ಕೊಕ್ರೇನ್ ವಿಮರ್ಶೆಯು, ವಯಸ್ಕರನ್ನು ನಾಲ್ಕು ವರ್ಷ ಗಮನಿಸಿದಾಗ ಆರು ತಿಂಗಳ ಭೇಟಿಗೂ ರೋಗಸಂಭವಕ್ಕೆ ತಕ್ಕ ಭೇಟಿಗೂ ಫಲದಲ್ಲಿ ವ್ಯತ್ಯಾಸ ಇಲ್ಲವೇ ಇಲ್ಲ ಅಥವಾ ಅತ್ಯಲ್ಪ ಎಂದು ತಿಳಿಸಿತು.

ಈ ತೀರ್ಮಾನಕ್ಕೆ ಆಧಾರವಾದ ಮುಖ್ಯ ಅಧ್ಯಯನವು ಆಗಲೇ ನಿಯಮಿತವಾಗಿ ದಂತವೈದ್ಯರನ್ನು ಕಾಣುತ್ತಿದ್ದವರ ಮೇಲೆ ನಡೆದಿತ್ತು. ಒಮ್ಮೆಯೂ ತಪಾಸಣೆ ಮಾಡಿಸದವರಿಗೆ, ತಂಬಾಕು ಬಳಸುವವರಿಗೆ ಮತ್ತು ಮಧುಮೇಹಿಗಳಿಗೆ ಇದನ್ನು ನೇರವಾಗಿ ಅನ್ವಯಿಸಲಾಗದು. ಗ್ರಾಮೀಣ ಜಿಲ್ಲೆಗಳಲ್ಲಿ ಮೊದಲ ತಪಾಸಣೆಯೇ ದೊಡ್ಡ ಹೆಜ್ಜೆಯಾಗಿದ್ದು, ಮುಂದಿನ ಭೇಟಿ ಯಾವಾಗ ಎಂಬುದು ಅದರ ಫಲಿತಾಂಶವನ್ನು ಅವಲಂಬಿಸುತ್ತದೆ.

ಅಡೆತಡೆಗಳು

ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತ ವಿಭಾಗವಿದ್ದರೂ ಗ್ರಾಮಕ್ಕೆ ಹತ್ತಿರವಿರುವ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ದಂತವೈದ್ಯರಿರುವುದಿಲ್ಲ. ಕೃಷಿ ಕೂಲಿಯನ್ನು ಅವಲಂಬಿಸಿದ ಕುಟುಂಬಕ್ಕೆ ನೋವಿಲ್ಲದ ಹಲ್ಲನ್ನು ತೋರಿಸಲು ಹೋಗುವುದೆಂದರೆ ಬಸ್ ಖರ್ಚಿನ ಜೊತೆಗೆ ಒಂದು ದಿನದ ಕೂಲಿಯನ್ನೂ ಕಳೆದುಕೊಳ್ಳುವುದು. ಚಿಕಿತ್ಸೆ ಉಚಿತವಾದ ಮಾತ್ರಕ್ಕೆ ಭೇಟಿ ಉಚಿತವಾಗುವುದಿಲ್ಲ.

ಋತುಮಾನದ ವಲಸೆ ಇನ್ನೊಂದು ತೊಡಕು. ಮಳೆ ಕಡಿಮೆಯಾದಾಗ ಮತ್ತು ಕಬ್ಬು ಕಟಾವಿನ ಕಾಲದಲ್ಲಿ ಜಿಲ್ಲೆಯ ಹಳ್ಳಿ ಮತ್ತು ತಾಂಡಾಗಳಿಂದ ಕುಟುಂಬಗಳು ಮಹಾರಾಷ್ಟ್ರ, ಗೋವಾ ಮುಂತಾದ ಕಡೆ ದುಡಿಯಲು ಹೋಗುತ್ತವೆ. ಜೊತೆಗೆ ಹೋದ ಮಕ್ಕಳು ಆ ಅವಧಿಯ ಶಾಲಾ ತಪಾಸಣೆಯಿಂದ ಹೊರಗುಳಿಯುತ್ತಾರೆ. ಆರಂಭಿಸಿದ ಚಿಕಿತ್ಸೆಯೂ ಅರ್ಧಕ್ಕೆ ನಿಲ್ಲುತ್ತದೆ.

ಇತರ ದೇಶಗಳ ಅನುಭವ

ನ್ಯೂಜಿಲೆಂಡ್ 1921ರಲ್ಲೇ ಶಾಲಾ ಮಕ್ಕಳ ಹಲ್ಲಿನ ಚಿಕಿತ್ಸೆಗಾಗಿ ದಂತ ದಾದಿಯರಿಗೆ ತರಬೇತಿ ನೀಡಲಾರಂಭಿಸಿ, ಸೇವೆಯನ್ನು ಶಾಲೆಯೊಳಗೇ ತಂದಿತು. ಜಪಾನ್ 1989ರಲ್ಲಿ 80ನೇ ವಯಸ್ಸಿನಲ್ಲೂ ಕನಿಷ್ಠ 20 ಸ್ವಂತ ಹಲ್ಲುಗಳನ್ನು ಉಳಿಸಿಕೊಳ್ಳುವ ಗುರಿಯ 8020 ಅಭಿಯಾನವನ್ನು ಕೈಗೊಂಡಿತು. 2016ರ ಸಮೀಕ್ಷೆಯ ವೇಳೆಗೆ ಆ ವಯಸ್ಸಿನವರಲ್ಲಿ ಅರ್ಧದಷ್ಟು ಜನರು ಈ ಗುರಿ ಮುಟ್ಟಿದ್ದರು. ಬ್ರೆಜಿಲ್ 2004ರಲ್ಲಿ ಆರಂಭಿಸಿದ ಕಾರ್ಯಕ್ರಮದಡಿ ಪ್ರಾಥಮಿಕ ಆರೋಗ್ಯ ತಂಡಗಳೊಂದಿಗೆ ದಂತವೈದ್ಯರನ್ನು ಸೇರಿಸಿತು. ಈ ದೇಶಗಳಲ್ಲಿ ಪ್ರಚಾರದೊಂದಿಗೆ ಸೇವೆಯ ವಿಸ್ತರಣೆ ಅಥವಾ ದೀರ್ಘಕಾಲದ ನಿರಂತರತೆಯೂ ಇತ್ತು.

ಟೀಕೆ ಮತ್ತು ಚರ್ಚೆ

ಒಂದು ದಿನದ ಶಿಬಿರಗಳಲ್ಲಿ ಬಹಳಷ್ಟು ಜನರ ತಪಾಸಣೆ ನಡೆದರೂ, ಚಿಕಿತ್ಸೆ ಬೇಕೆಂದು ಗುರುತಿಸಲ್ಪಟ್ಟವರು ಮುಂದೆ ಆಸ್ಪತ್ರೆಗೆ ಹೋದರೇ ಎಂಬುದನ್ನು ಗಮನಿಸುವ ವ್ಯವಸ್ಥೆ ದುರ್ಬಲವೆಂಬುದು ಇಂತಹ ಕಾರ್ಯಕ್ರಮಗಳ ಕುರಿತ ಸಾಮಾನ್ಯ ಟೀಕೆ. ಪರೀಕ್ಷಿಸಿದವರ ಸಂಖ್ಯೆಗಿಂತ ಚಿಕಿತ್ಸೆ ಪೂರ್ಣಗೊಳಿಸಿದವರ ಸಂಖ್ಯೆಯನ್ನು ಯಶಸ್ಸಿನ ಅಳತೆಯಾಗಿ ಪರಿಗಣಿಸಬೇಕೆಂಬ ವಾದವಿದೆ. ಟೂತ್‌ಪೇಸ್ಟ್ ಕಂಪನಿಗಳ ಪ್ರಾಯೋಜಕತ್ವದ ಅಭಿಯಾನಗಳು ಉತ್ಪನ್ನದ ಪ್ರಚಾರಕ್ಕೆ ಒತ್ತು ಕೊಟ್ಟು, ಸಕ್ಕರೆ ಸೇವನೆ ಮತ್ತು ತಂಬಾಕಿನಂತಹ ಮೂಲ ಕಾರಣಗಳನ್ನು ಹಿಂದಕ್ಕೆ ಸರಿಸಬಹುದೆಂಬ ಆಕ್ಷೇಪವೂ ಇದೆ.

ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಫ್ಲೋರೈಡ್ ಟೂತ್‌ಪೇಸ್ಟ್, ಗಾಜಿನ ಅಯಾನೊಮರ್ ಸಿಮೆಂಟ್ ಮತ್ತು ಸಿಲ್ವರ್ ಡೈಅಮೈನ್ ಫ್ಲೋರೈಡ್‌ಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇವುಗಳಲ್ಲಿ ಕೊನೆಯ ಎರಡನ್ನು ಕೊರೆಯುವ ಯಂತ್ರ ಮತ್ತು ವಿದ್ಯುತ್ ಇಲ್ಲದೆಯೂ ಬಳಸಬಹುದಾದ್ದರಿಂದ, ಅಂಗನವಾಡಿ ಮತ್ತು ಶಾಲೆಗಳ ಮಟ್ಟದಲ್ಲಿ ಹುಳುಕನ್ನು ತಡೆದು ನಿಲ್ಲಿಸುವ ಸಾಧ್ಯತೆ ತೆರೆದಿದೆ. ದಂತವೈದ್ಯರಿಂದ ದೂರವಿರುವ ಊರುಗಳಿಗೆ ಇದು ವಿಶೇಷವಾಗಿ ಉಪಯುಕ್ತ.

ಇವನ್ನೂ ನೋಡಿ

ದಂತಕ್ಷಯ
ಫ್ಲೋರೋಸಿಸ್
ಬಾಯಿ ಕ್ಯಾನ್ಸರ್
ವಿಜಯಪುರ ಜಿಲ್ಲೆ
ಆಲಮಟ್ಟಿ ಜಲಾಶಯ